ವೈಫೈ ಹೋದ ಮೇಲೂ ರೋಬೋ ಓಡುತ್ತಲೇ ಇದ್ದರೆ

ಪ್ರಶ್ನೆ: ಲ್ಯಾಪ್‌ಟಾಪ್‌ನಿಂದ ವೈಫೈ ಮೂಲಕ ನನ್ನ ಚಕ್ರದ ರೋಬೋ ಓಡಿಸುತ್ತೇನೆ. ಪ್ರೋಗ್ರಾಂ ಹೇಗೇ ನಿಂತರೂ ಕೊನೆಗೆ ‘ನಿಲ್ಲು’ ಕಮಾಂಡ್ ಹೋಗುವಂತೆ ಬರೆದಿದ್ದೇನೆ. ಆದರೂ ವೈಫೈ ಹೋದಾಗ ರೋಬೋ ನಿಲ್ಲುವುದಿಲ್ಲ. ತಪ್ಪೆಲ್ಲಿದೆ?

ಉತ್ತರ: ಈ ಪ್ರಶ್ನೆಗೆ ಎಷ್ಟು ಸಲ ಉತ್ತರ ಬರೆದಿದ್ದೇನೋ ಲೆಕ್ಕವಿಲ್ಲ. ಈ ಸಲ ಪೂರ್ತಿ ಬರೆಯುತ್ತೇನೆ, ದಯವಿಟ್ಟು ಕೊನೆವರೆಗೂ ಓದಿ.

ನಿಮ್ಮ ‘ನಿಲ್ಲು’ ಕಮಾಂಡ್ ಹೋಗಬೇಕಾದದ್ದೂ ಅದೇ ವೈಫೈ ಮೇಲೆ, ಅಲ್ವಾ? ದಾರಿಯೇ ಕಡಿದ ಮೇಲೆ ಅದು ತಲುಪುವುದು ಹೇಗೆ? ಮೋಟಾರ್ ಬೋರ್ಡಿಗೆ, ಅಂದರೆ ರೋಬೋ ಮೇಲೆ ಕೂತು ಚಕ್ರ ತಿರುಗಿಸುವ ಸರ್ಕ್ಯೂಟಿಗೆ, ಕೊನೆಗೆ ಸಿಕ್ಕ ಮಾತು ‘ಮುಂದೆ ಹೋಗು’. ಬೇರೆ ಮಾತು ಬರುವವರೆಗೂ ಅದು ಅದನ್ನೇ ಮಾಡುತ್ತದೆ.

ಒಮ್ಮೆ ನನ್ನ ಕೋಣೆಯಲ್ಲೇ ಹೀಗಾಯಿತು. ಲ್ಯಾಪ್‌ಟಾಪ್ ಹ್ಯಾಂಗ್ ಆಯಿತು. ರೋಬೋ ಗೋಡೆಗೆ ಮೂತಿ ಒತ್ತಿಕೊಂಡಿತ್ತು, ಚಕ್ರಗಳು ನೆಲ ಉಜ್ಜುತ್ತಾ ತಿರುಗುತ್ತಲೇ ಇದ್ದವು. ರಬ್ಬರ್ ಸುಟ್ಟ ವಾಸನೆ ಬಂದಾಗ ಓಡಿ ಹೋಗಿ ಬ್ಯಾಟರಿ ಕಿತ್ತೆ. ಗೋಡೆಯ ಜಾಗದಲ್ಲಿ ಮಗುವಿನ ಕಾಲು ಇದ್ದಿದ್ದರೆ? ಅಂದಿನಿಂದ ಈ ವಿಷಯದಲ್ಲಿ ನನಗೆ ತಾಳ್ಮೆ ಕಡಿಮೆ.

ಮೋಟಾರ್ ಬೋರ್ಡಿನಲ್ಲೇ ವಾಚ್‌ಡಾಗ್ ಇರಬೇಕು, ಅಂದರೆ ಹೊತ್ತಿಗೆ ಸರಿಯಾಗಿ ಸುದ್ದಿ ಬರದಿದ್ದರೆ ತಾನೇ ನಿಲ್ಲಿಸುವ ಕಾವಲುಗಾರ. ಲ್ಯಾಪ್‌ಟಾಪ್ 100 ಮಿಲಿಸೆಕೆಂಡಿಗೊಂದು ಕಮಾಂಡ್ ಕಳಿಸಲಿ. 300 ಮಿಲಿಸೆಕೆಂಡ್ ಏನೂ ಬರದಿದ್ದರೆ ಬೋರ್ಡ್ ತಾನೇ ಮೋಟಾರ್ ನಿಲ್ಲಿಸಲಿ. ಸೆಕೆಂಡಿಗೆ 1 ಮೀಟರ್ ವೇಗದಲ್ಲಿ ಅಷ್ಟು ಹೊತ್ತಿಗೆ ರೋಬೋ 30 ಸೆಂಟಿಮೀಟರ್ ಹೋಗಿರುತ್ತದೆ. ಬ್ರೇಕ್ ಹಿಡಿಯುವ ದೂರ ಬೇರೆ. ಅಷ್ಟು ಜಾಗ ಇಲ್ಲದಿದ್ದರೆ ವೇಗ ಇಳಿಸಿ.

ವಾಚ್‌ಡಾಗ್ ಹಾಕಿದವರೂ ಎಡವುವ ಜಾಗ ಒಂದಿದೆ. ಅದಕ್ಕೆ ‘ನಾನು ಬದುಕಿದ್ದೇನೆ’ ಅಂತ ಹೇಳುವ ಕೋಡಿನ ಸಾಲನ್ನು ಟೈಮರ್ ಇಂಟರಪ್ಟ್ ಒಳಗೆ, ಅಂದರೆ ಗಡಿಯಾರದ ಲೆಕ್ಕಕ್ಕೆ ತಾನಾಗಿ ಓಡುವ ತುಂಡು ಕೋಡಿನೊಳಗೆ, ಇಡುತ್ತಾರೆ. ಮುಖ್ಯ ಲೂಪ್, ಅಂದರೆ ಮತ್ತೆ ಮತ್ತೆ ಓಡುವ ಮುಖ್ಯ ಕೋಡ್, ಸತ್ತು ಬಿದ್ದಿದ್ದರೂ ಟೈಮರ್ ತನ್ನ ಪಾಡಿಗೆ ಹೇಳುತ್ತಲೇ ಇರುತ್ತದೆ. ಆ ಸಾಲು ಮುಖ್ಯ ಲೂಪಿನ ಕೊನೆಯಲ್ಲಿರಲಿ, ಸೆನ್ಸರ್ ಓದಿ ಲೆಕ್ಕ ಮುಗಿದ ಮೇಲೆ.

ಇನ್ನು ಸೆನ್ಸರ್. ‘ದೂರ ಅರ್ಧ ಮೀಟರಿಗಿಂತ ಕಡಿಮೆಯಾದರೆ ನಿಲ್ಲು, ಇಲ್ಲದಿದ್ದರೆ ಹೋಗು’ ಅಂತ ಬರೆದಿದ್ದೀರಾ? ಸೆನ್ಸರ್ ಕೆಟ್ಟು ದೂರದ ಬದಲು ‘ನ್ಯಾನ್’, ಅಂದರೆ ‘ಇದು ಸಂಖ್ಯೆಯೇ ಅಲ್ಲ’ ಅಂತ ಬಂದರೆ ಏನಾಗುತ್ತದೆ? ನ್ಯಾನ್ ಅರ್ಧಕ್ಕಿಂತ ಕಡಿಮೆಯೇ ಅಂತ ಕೇಳಿದರೆ ಉತ್ತರ ‘ಸುಳ್ಳು’. ಕಣ್ಣಿಲ್ಲದ ರೋಬೋ ಮುಂದೆ ಹೋಗುತ್ತದೆ! ತಿರುಗಿಸಿ ಬರೆಯಿರಿ: ‘ದೂರ ಅರ್ಧ ಮೀಟರಿಗಿಂತ ಜಾಸ್ತಿ ಇದ್ದರೆ ಮಾತ್ರ ಹೋಗು, ಇಲ್ಲದಿದ್ದರೆ ನಿಲ್ಲು.’ ಆ ಅಳತೆ ಎಷ್ಟು ಹಳೆಯದು ಅಂತಲೂ ನೋಡಿ. ಎರಡು ಸೆಕೆಂಡ್ ಹಿಂದಿನ ‘ದಾರಿ ಖಾಲಿ’ ನಂಬಬಾರದು.

ಪ್ರಶ್ನೆ: ಮೊಬೈಲ್ ಆ್ಯಪ್‌ನಲ್ಲಿ ದೊಡ್ಡ ಕೆಂಪು ಬಟನ್ ಇಟ್ಟಿದ್ದೇನೆ. ಎಮರ್ಜೆನ್ಸಿ ಸ್ಟಾಪ್‌ಗೆ ಅಷ್ಟು ಸಾಕಾ?

ಸಾಲದು. ಕೋಡಿನ ಹಂಗಿಲ್ಲದೆ, ವೈರಿನಲ್ಲೇ ಮೋಟಾರ್ ಪವರ್ ಕಡಿಯುವ ಬಟನ್ ಬೇಕು. ಥೆರಾಕ್-25 ಎಂಬ ವಿಕಿರಣ ಚಿಕಿತ್ಸೆಯ ಯಂತ್ರದಲ್ಲಿ, ಹಳೆಯ ಮಾಡೆಲ್‌ಗಳಲ್ಲಿದ್ದ ಹಾರ್ಡ್‌ವೇರ್ ತಡೆಗಳನ್ನು ತೆಗೆದು ಸಾಫ್ಟ್‌ವೇರನ್ನೇ ನಂಬಿದರು. 1985ರಿಂದ 1987ರೊಳಗೆ ಆರು ರೋಗಿಗಳಿಗೆ ವಿಪರೀತ ವಿಕಿರಣ ಬಿತ್ತು, ಕೆಲವರು ಸತ್ತರು. ‘ಈ ಒಂದು ಸಾಲು ಸೇರಿಸಿ, ರೋಬೋ ಪೂರ್ತಿ ಸೇಫ್’ ಅಂತ ವಿಡಿಯೋ ಮಾಡುವವರು ಇದನ್ನು ಓದಲಿ. ಅವರ ಮಾತು ಕೇಳಬೇಡಿ.

ಪ್ರಶ್ನೆ: ರೋಬೋ ತೋಳಿಗೂ ಹೀಗೇ ಪವರ್ ಕಡಿಯಬಹುದಾ?

ಪವರ್ ಹೋದ ಕೂಡಲೇ ತಾನಾಗಿ ಹಿಡಿಯುವ ಬ್ರೇಕ್ ಇದ್ದರೆ ಮಾತ್ರ. ಇಲ್ಲದಿದ್ದರೆ ಎತ್ತಿದ ಭಾರದ ಸಮೇತ ತೋಳು ಕೆಳಗೆ ಬೀಳುತ್ತದೆ.

ಪ್ರಶ್ನೆ: ಸಿಮ್ಯುಲೇಶನ್‌ನಲ್ಲಿ ನೂರು ಸಲ ಸರಿಯಾಗಿ ಓಡಿದೆ. ಇನ್ನೂ ಏನು ಟೆಸ್ಟ್ ಮಾಡಬೇಕು?

ಸಿಮ್ಯುಲೇಶನ್‌ನಲ್ಲಿ ವೈರ್ ಸಡಿಲವಾಗುವುದಿಲ್ಲ. ರೋಬೋವನ್ನು ಚಕ್ರ ನೆಲಕ್ಕೆ ತಾಗದಂತೆ ಎತ್ತಿಡಿ. ಓಡುತ್ತಿರುವಾಗಲೇ ವೈಫೈ ಆಫ್ ಮಾಡಿ. ಸೆನ್ಸರ್ ಕೇಬಲ್ ಕೀಳಿ. ಮುಖ್ಯ ಲೂಪಿನಲ್ಲಿ ಬೇಕಂತಲೇ ಹತ್ತು ಸೆಕೆಂಡ್ ಸ್ಲೀಪ್ ಹಾಕಿ, ಅಂದರೆ ಕೋಡ್ ಅಷ್ಟು ಹೊತ್ತು ಸುಮ್ಮನೆ ನಿಲ್ಲಲಿ. ಒಂದು ಸಲ ಚಕ್ರ ನಿಲ್ಲದಿದ್ದರೂ ರೋಬೋವನ್ನು ನೆಲಕ್ಕಿಳಿಸಬೇಡಿ.