ನಾಲ್ಕು ಎಕರೆಯವರಿಗೂ ಸ್ಪೆಷಾಲಿಟಿ ಕಾಫಿ ಆಗುತ್ತಾ?

ಪ್ರಶ್ನೆ: ನಮ್ಮದು ನಾಲ್ಕು ಎಕರೆ ಅರೇಬಿಕಾ. ಹಣ್ಣನ್ನು ಸಿಪ್ಪೆ ಸಮೇತ ಕಣದಲ್ಲಿ ಒಣಗಿಸಿ, ಚೆರ್ರಿ ಮಾಡಿ ಊರಿನ ವ್ಯಾಪಾರಿಗೆ ಹಾಕುತ್ತೇವೆ. ಬೆಂಗಳೂರಲ್ಲಿರುವ ಮಗ ಸಾಲ ಮಾಡಿ ಪಲ್ಪರ್ (ಹಸಿ ಹಣ್ಣಿನ ಸಿಪ್ಪೆ ಸುಲಿಯುವ ಯಂತ್ರ) ತರೋಣ, ಸ್ಪೆಷಾಲಿಟಿ ಕಾಫಿಗೆ ಒಳ್ಳೆ ರೇಟಿದೆ ಅಂತಾನೆ. ಕೈ ಹಾಕಬಹುದಾ?
— ಓದುಗರೊಬ್ಬರು, ಮೂಡಿಗೆರೆ

ಉತ್ತರ: ಹಾಕಿ. ಆದರೆ ಸಾಲ, ಪಲ್ಪರ್ ಎರಡೂ ಈ ವರ್ಷ ಬೇಡ.

ಸ್ಪೆಷಾಲಿಟಿಗೆ ತೋಟ ಎಷ್ಟು ದೊಡ್ಡದು ಅನ್ನೋದು ಲೆಕ್ಕಕ್ಕಿಲ್ಲ. ರುಚಿ ನೋಡುವವರು ಚಮಚದಲ್ಲಿ ಸೊರ್ ಅಂತ ಹೀರಿ 100ಕ್ಕೆ ಅಂಕ ಹಾಕುತ್ತಾರೆ, 80 ಬಂದರೆ ಸ್ಪೆಷಾಲಿಟಿ, ಅಷ್ಟೇ. ಹಸಿಕಾಯಿ, ಬೂಸಲು ಹಿಡಿದದ್ದು ಸೇರಿತೋ, ಅಂಕ ಹೋಯ್ತು.

ನಿಮ್ಮ ಚೆರ್ರಿಯನ್ನೇ ಸ್ವಲ್ಪ ಜಾಸ್ತಿ ಮುತುವರ್ಜಿಯಿಂದ ಮಾಡಿ ನೋಡಿ. ಸುಮಾರು 300 ಕೆಜಿ ಹಣ್ಣು ಸಾಕು, ಒಂದು ಮೂಟೆ ಬೀಜ ಸಿಗುತ್ತದೆ. ಪೂರ್ತಿ ಕೆಂಪಾದದ್ದನ್ನು ಮಾತ್ರ ಕೊಯ್ಯಿಸಿ, ಆ ದಿನದ ಮಟ್ಟಿಗೆ ದಿನಗೂಲಿ ಕೊಡಿ. ಕೆಜಿ ಲೆಕ್ಕದಲ್ಲಿ ಕೊಟ್ಟರೆ ಕೆಂಪು ಹಣ್ಣು ಹುಡುಕುತ್ತಾ ಯಾರು ನಿಲ್ತಾರೆ ಹೇಳಿ? ಡ್ರಮ್ಮಿನ ನೀರಿಗೆ ಸುರಿದು ತೇಲಿದ್ದನ್ನು ಬೇರೆ ಮಾಡಿ. ನೆಲಕ್ಕಿಂತ ಎತ್ತರದಲ್ಲಿ ಜಾಲರಿ ಕಟ್ಟಿ, ತೆಳ್ಳಗೆ ಹರಡಿ, ಆಗಾಗ ಕೈಯಾಡಿಸಿ, ಸಂಜೆ ಇಬ್ಬನಿ ಬೀಳೋ ಮೊದಲೇ ಮುಚ್ಚಿ. ನಾನು ಮೊದಲ ಸಲ ಟಾರ್ಪಾಲಿನ್ ಮೇಲೆ ದಪ್ಪಗೆ ಹರಡಿ ಎರಡು ದಿನ ಊರಿಗೆ ಹೋಗಿದ್ದೆ. ಬಂದು ನೋಡಿದರೆ ಹುಳಿ ಹೆಂಡದ ವಾಸನೆ! ಸುಮ್ನೆ ವ್ಯಾಪಾರಿಗೇ ಹಾಕಿದೆ.

ಒಣಗಿದ ಮೇಲೆ ಒಂದಿಷ್ಟು ಸ್ಯಾಂಪಲ್ಲನ್ನು ಕಾಫಿ ಬೋರ್ಡಿನವರ ಹತ್ತಿರ ರುಚಿ ಪರೀಕ್ಷೆ ಮಾಡಿಸಿ. ಆ ಚೀಟಿ ಕೈಯಲ್ಲಿದ್ದರೆ ಬೀಜ ಹುರಿದು ಮಾರುವ ರೋಸ್ಟರ್‌ಗಳ ಹತ್ತಿರ ಮಾತಾಡೋ ಧೈರ್ಯ ಬರುತ್ತೆ. ಓಡಾಟ ಮಗನಿಗೆ ಬಿಡಿ, ಬೆಂಗಳೂರಲ್ಲೇ ಇದ್ದಾನಲ್ವಾ.

ಪಲ್ಪರ್ ಬೇಕೇ ಬೇಕು ಅನ್ನಿಸಿದರೆ ಅಕ್ಕಪಕ್ಕದ ನಾಲ್ಕೈದು ಮನೆಯವರು ಸೇರಿ ತನ್ನಿ. ಆಂಧ್ರದ ಅರಕು ಕಣಿವೆಯ ಗಿರಿಜನರದ್ದೂ ಸಣ್ಣ ಸಣ್ಣ ತೋಟಗಳೇ. ಹಣ್ಣನ್ನು ಒಂದು ಕಡೆ ಸೇರಿಸಿ ಸಂಸ್ಕರಿಸಿದ್ದರಿಂದಲೇ ಅವರ ಕಾಫಿ ಪ್ಯಾರಿಸ್ ಮುಟ್ಟಿತು, 2017ರಲ್ಲಿ ಅಲ್ಲಿ ಅಂಗಡಿಯೇ ಶುರುವಾಯ್ತು.

ಮಿಕ್ಕ ಬೆಳೆ ಎಂದಿನಂತೆ ವ್ಯಾಪಾರಿಗೇ ಹೋಗಲಿ, ಮನೆ ಖರ್ಚು ನಡೀಬೇಕಲ್ಲ. ಇನ್ನೊಂದು ಮಾತು: ಒಂದೇ ಮೂಟೆಯನ್ನು ಬೇರೆ ಇಟ್ಟು ಸಿಪ್ಪೆ ತೆಗೆದುಕೊಡ್ತೀರಾ ಅಂತ ಕ್ಯೂರಿಂಗ್‌ನವರನ್ನು ಕೊಯ್ಲಿಗೆ ಮೊದಲೇ ಕೇಳಿಟ್ಟುಕೊಳ್ಳಿ. ಬೇರೆಯವರ ಮಾಲಿನ ಜೊತೆ ಬೆರೆತರೆ ನೀವು ಪಟ್ಟ ಪಾಡೆಲ್ಲ ಅಲ್ಲಿಗೇ ಮುಗೀತು.