ಕರಾರಿನ ಅವಧಿ ಮುಗಿದಿದ್ದರೆ ನೋಟಿಸ್ ಬೇಡವೆ?

ಪ್ರಶ್ನೆ: ಬೆಂಗಳೂರಿನಲ್ಲಿ ತಿಂಗಳಿಗೆ 16,000 ರೂಪಾಯಿ ಬಾಡಿಗೆಯ ಮನೆಯಲ್ಲಿದ್ದೇನೆ. ಹನ್ನೊಂದು ತಿಂಗಳ ಕರಾರು ಮುಗಿದು ಒಂದೂವರೆ ವರ್ಷವಾಗಿದೆ. ಅದನ್ನು ನವೀಕರಿಸಿಲ್ಲವಾದರೂ ಮಾಲೀಕರು ಪ್ರತಿ ತಿಂಗಳೂ ಬಾಡಿಗೆ ಪಡೆಯುತ್ತಿದ್ದಾರೆ. ಈಗ ವಾರದೊಳಗೆ ಖಾಲಿ ಮಾಡಬೇಕೆಂದು ವಾಟ್ಸ್‌ಆ್ಯಪ್‌ನಲ್ಲಿ ತಿಳಿಸಿ, ಕರಾರೇ ಇಲ್ಲದ್ದರಿಂದ ನೋಟಿಸ್ ಅಗತ್ಯವಿಲ್ಲ ಎನ್ನುತ್ತಿದ್ದಾರೆ. ಇದು ಸರಿಯೆ?

ಉತ್ತರ: ಸರಿಯಲ್ಲ. ಬೆಂಗಳೂರಿನಲ್ಲಿ ತಿಂಗಳ ಬಾಡಿಗೆ 3,500 ರೂಪಾಯಿ ಮೀರಿದ ಮನೆಗಳಿಗೆ 1999ರ ಕರ್ನಾಟಕ ಬಾಡಿಗೆ ಕಾಯ್ದೆ ಅನ್ವಯಿಸದ ಕಾರಣ, ನಿಮ್ಮ ವಿಷಯವನ್ನು 1882ರ ಸ್ವತ್ತು ವರ್ಗಾವಣೆ ಕಾಯ್ದೆಯಡಿ ನೋಡಬೇಕು. ಹನ್ನೊಂದು ತಿಂಗಳು ತುಂಬಿದಾಗಲೇ ಮಾಲೀಕರು ಮನೆ ಕೇಳಿದ್ದರೆ, ಅವಧಿ ತೀರಿದ್ದರಿಂದ ಬಾಡಿಗೆಯ ಹಕ್ಕೂ ತಾನಾಗಿ ಮುಗಿಯುತ್ತಿತ್ತು. ಕಲಂ 111ರ ಪ್ರಕಾರ ಪ್ರತ್ಯೇಕ ನೋಟಿಸ್ ಬೇಕಿರಲಿಲ್ಲ. ಆದರೆ ಅವಧಿಯ ನಂತರವೂ ನೀವು ಮನೆಯಲ್ಲಿ ಮುಂದುವರಿಯಲು ಒಪ್ಪಿ ಬಾಡಿಗೆ ಪಡೆದಿರುವುದರಿಂದ, ಬೇರೆ ಒಪ್ಪಂದವಿಲ್ಲದಿದ್ದಲ್ಲಿ, ಕಲಂ 116ರಂತೆ ಅದು ತಿಂಗಳಿಂದ ತಿಂಗಳಿಗೆ ನಡೆಯುವ ಬಾಡಿಗೆಯಾಗಿದೆ. ಅದನ್ನು ಕೊನೆಗೊಳಿಸಲು ಕಲಂ 106 ಹದಿನೈದು ದಿನಗಳ ಲಿಖಿತ, ಸಹಿಯುಳ್ಳ ನೋಟಿಸನ್ನು ಕೇಳುತ್ತದೆ. ದಿನಗಳನ್ನು ನೋಟಿಸ್ ನಿಮ್ಮ ಕೈಸೇರಿದಂದಿನಿಂದ ಎಣಿಸಬೇಕು. ಒಂದು ಅಥವಾ ಎರಡು ತಿಂಗಳ ನೋಟಿಸ್ ಎಂಬ ಷರತ್ತು ಅನೇಕ ಕರಾರುಗಳಲ್ಲಿ ಇರುವುದರಿಂದ ಹಳೆಯ ಛಾಪಾ ಕಾಗದವನ್ನು ಮೊದಲು ಹುಡುಕಿ ಓದಿಕೊಳ್ಳಿ.

ಹಾಗೆಂದು ತಾಂತ್ರಿಕ ಲೋಪವನ್ನೇ ನಂಬಿ ಕೂರಬೇಡಿ. ನೋಟಿಸಿನಲ್ಲಿ ದಿನ ಕಡಿಮೆಯಿದ್ದರೂ, ಹದಿನೈದು ದಿನ ಕಳೆದ ಮೇಲೆ ದಾವೆ ಹೂಡಿದ್ದರೆ ಆ ಕೊರತೆಯೊಂದರಿಂದಲೇ ನೋಟಿಸ್ ಅಸಿಂಧುವಾಗದೆಂದು 2002ರ ತಿದ್ದುಪಡಿ ಹೇಳುತ್ತದೆ. ಮನೆ ಏಕೆ ಬೇಕೆಂಬ ಕಾರಣವನ್ನೂ ಮಾಲೀಕರು ಕೊಡಬೇಕಾಗಿಲ್ಲ. ಆದರೆ ನೋಟಿಸ್ ಅವಧಿ ಮುಗಿದರೂ ನೀವು ಬಿಡದಿದ್ದರೆ ಅವರು ನ್ಯಾಯಾಲಯಕ್ಕೇ ಹೋಗಬೇಕೇ ಹೊರತು ಬೀಗ ಬದಲಿಸುವಂತಿಲ್ಲ. ಹಾಗೆ ಬಲವಂತವಾಗಿ ಹೊರಹಾಕಿದರೆ ನಿರ್ದಿಷ್ಟ ಪರಿಹಾರ ಕಾಯ್ದೆಯ ಕಲಂ 6ರಡಿ ಆರು ತಿಂಗಳೊಳಗೆ ದಾವೆ ಹೂಡಿ ಸ್ವಾಧೀನವನ್ನು ಮರಳಿ ಕೇಳಬಹುದು.

ಬಾಡಿಗೆಯನ್ನು ನಿಲ್ಲಿಸದೆ ಬ್ಯಾಂಕ್ ಮೂಲಕವೇ ಕಟ್ಟುತ್ತಾ, ಒಂದು ತಿಂಗಳ ಕಾಲಾವಕಾಶವನ್ನೂ ಕೀಲಿಕೈ ಒಪ್ಪಿಸುವ ದಿನವೇ ಮುಂಗಡ ಹಣವನ್ನೂ ಕೋರಿ ಅವರಿಗೆ ಬರೆದು ಕೊಡುವುದು ನನ್ನ ಸಲಹೆ. ಬಣ್ಣ ಬಳಿಸಲೆಂದು ಮುಂಗಡದಲ್ಲಿ ಒಂದು ತಿಂಗಳ ಬಾಡಿಗೆ ಮುರಿದುಕೊಳ್ಳಲು ಕರಾರಿನಲ್ಲಿ ಒಪ್ಪಿದ್ದೀರಾ ಎಂಬುದನ್ನೂ ಅದಕ್ಕೆ ಮುಂಚೆ ನೋಡಿಕೊಳ್ಳಿ.