ಅರ್ಧ ರಸ್ತೆ ಅಗೆದಾಗ ಬಾವುಟ ಹಿಡಿದವರು ಎಲ್ಲಿ ನಿಲ್ಲಬೇಕು?

ಕಾರ್ಕಳ ಕಡೆಯ ದ್ವಿಪಥ ರಸ್ತೆಯ ತಿರುವಿನಲ್ಲಿ ಪೈಪ್ ಹಾಕಲು ಅರ್ಧ ರಸ್ತೆ ಅಗೆಯಲಿರುವುದಾಗಿಯೂ, ಎರಡೂ ತುದಿಗಳಲ್ಲಿ ಬಾವುಟ ಕೊಟ್ಟು ಒಬ್ಬೊಬ್ಬರನ್ನು ನಿಲ್ಲಿಸಿದರೆ ಸಾಕೇ ಎಂದೂ ತಾವು ಕೇಳಿದ್ದೀರಿ. ಉಡುಪಿ, ಮಂಗಳೂರು ಭಾಗದ ರಸ್ತೆ ಕಾಮಗಾರಿಗಳಲ್ಲಿ ಮೇಲ್ವಿಚಾರಕನಾಗಿರುವ ನನ್ನ ಅಭಿಪ್ರಾಯದಲ್ಲಿ ಚಿಕ್ಕ ಕೆಲಸಕ್ಕೆ ಇಬ್ಬರು ಸಾಕು; ಆದರೆ ಅವರನ್ನು ಗುಂಡಿಯ ಪಕ್ಕದಲ್ಲಿ ನಿಲ್ಲಿಸಬಾರದು.

ಗಂಟೆಗೆ 80 ಕಿ.ಮೀ. ವೇಗದ ವಾಹನ ಸೆಕೆಂಡಿಗೆ ಸುಮಾರು 22 ಮೀಟರ್ ಸಾಗುತ್ತದೆ. ಅಪಾಯ ಕಂಡ ಚಾಲಕ ಬ್ರೇಕ್ ಒತ್ತಲು 2.5 ಸೆಕೆಂಡ್ ಬೇಕೆಂದು ನಮ್ಮ ರಸ್ತೆ ವಿನ್ಯಾಸದಲ್ಲಿ ಲೆಕ್ಕ ಹಿಡಿಯುವುದರಿಂದ, ಬ್ರೇಕ್ ಹಿಡಿಯುವ ಮೊದಲೇ 55 ಮೀಟರ್ ಮುಗಿದಿರುತ್ತದೆ. ಹಾಗಾಗಿ ಮೊದಲು ಎಚ್ಚರಿಕೆ ಫಲಕ, ಅನಂತರ ಬಾವುಟದವರು, ಆಮೇಲೆ ಓರೆಯಾಗಿ ಜೋಡಿಸಿದ ಕೋನ್‌ಗಳು, ಕೊನೆಗೆ ಗುಂಡಿ. ರಸ್ತೆಗಳ ಮಾನದಂಡ ರೂಪಿಸುವ ಸಂಸ್ಥೆಯಾದ ಇಂಡಿಯನ್ ರೋಡ್ಸ್ ಕಾಂಗ್ರೆಸ್‌ನ, ಕಾಮಗಾರಿ ಸ್ಥಳದ ಸಂಚಾರ ನಿರ್ವಹಣೆ ಕುರಿತ 2014ರ ಎಸ್‌ಪಿ 55 ಮಾರ್ಗಸೂಚಿಯ ಕ್ರಮವೂ ಇದೇ. ತಮ್ಮಲ್ಲಿ ತಿರುವು ಇರುವುದರಿಂದ ಬಾವುಟದವರು ತಿರುವಿಗೆ ಮುಂಚೆಯೇ ಕಾಣಿಸಬೇಕು. ನಿಂತ ವಾಹನಗಳ ಸಾಲು ಬೆಳೆದು ಫಲಕವನ್ನೇ ದಾಟಿದರೆ ಫಲಕವನ್ನು ಇನ್ನೂ ಹಿಂದಕ್ಕೆ ಒಯ್ಯಬೇಕು.

ಇಬ್ಬರೂ ಪರಸ್ಪರ ಕಾಣದಿರುವಾಗ ವಾಕಿಟಾಕಿ ಕೊಡಿ, ಮೊಬೈಲ್ ನಂಬಬೇಡಿ. ‘ಬಿಟ್ಟೆ’ ಎಂದಷ್ಟೇ ಹೇಳಿದರೆ ಸಾಲದು. ‘ಕೊನೆಯದು ಬಿಳಿ ಓಮ್ನಿ, ಮೇಲೆ ಏಣಿ ಕಟ್ಟಿದೆ’ ಎಂದು ಗುರುತು ಹೇಳಬೇಕು. ಆ ಓಮ್ನಿ ತನ್ನನ್ನು ದಾಟಿದ ಮೇಲೆಯೇ ಆಚೆಯವನು ತನ್ನ ಕಡೆಯ ವಾಹನಗಳನ್ನು ಬಿಡಬೇಕು. ಓಮ್ನಿಯ ಹಿಂದೆ ಸ್ಕೂಟರೊಂದು ನುಸುಳುವುದು ನಮ್ಮೂರಿನಲ್ಲಿ ಖಚಿತ, ಅದನ್ನೂ ತಿಳಿಸಬೇಕು. ಟೈಮಿಂಗ್ ತಪ್ಪಿತೆಂದು ಎಕ್ಸ್‌ಪ್ರೆಸ್ ಬಸ್ಸಿನ ಕಂಡಕ್ಟರ್ ಕೂಗಾಡಿದರೂ ಸರದಿ ಬದಲಾಗಬಾರದು. ಅದಕ್ಕಾಗಿ ಈ ಕೆಲಸಕ್ಕೆ ಹೊಸ ಹುಡುಗನ ಬದಲು ಸ್ವಲ್ಪ ಗಟ್ಟಿ ಸ್ವಭಾವದವರನ್ನೇ ಆರಿಸಿ.

ನಮ್ಮ ಮಳೆಗಾಲದಲ್ಲಿ ಬಹುತೇಕರು ಹೊಳೆಯುವ ಪಟ್ಟಿಯ ಜಾಕೆಟ್ ಧರಿಸಿ, ಅದರ ಮೇಲೆ ಕಪ್ಪು ರೈನ್‌ಕೋಟ್ ಹಾಕಿಕೊಳ್ಳುತ್ತಾರೆ, ಆಗ ಜಾಕೆಟ್ ಇದ್ದೂ ಇಲ್ಲದಂತೆ. ರೈನ್‌ಕೋಟಿನ ಮೇಲೆಯೇ ಜಾಕೆಟ್ ತೊಡಿಸಿ. ಸಂಜೆ ಪಶ್ಚಿಮಕ್ಕೆ ಸಾಗುವ ಚಾಲಕರ ಕಣ್ಣಿಗೆ ಬಿಸಿಲು ಹೊಡೆಯುವುದರಿಂದ ಆ ಕಡೆಯವರು ಬಾವುಟವನ್ನು ನೆರಳಿರುವಲ್ಲಿ ಹಿಡಿಯದೆ, ಬಯಲಿನಲ್ಲಿ ಬೀಸುವುದು ಒಳ್ಳೆಯದು. ಕತ್ತಲಾದರೆ ಬಾವುಟ ಬಿಟ್ಟು ಕೆಂಪು ದೀಪದ ಕೋಲು ಕೊಡಿ.

ಗುಂಡಿ ಮುಚ್ಚದೆ ಮನೆಗೆ ಹೋಗಬೇಕಾದರೆ ಬ್ಯಾರಿಕೇಡ್, ಮಿನುಗುವ ದೀಪ ಎರಡೂ ಇರಲಿ. ಕೆಂಪುಕಲ್ಲು ಸಾಲಾಗಿಟ್ಟು ಅದನ್ನೇ ತಡೆ ಎನ್ನುವ ರೂಢಿ ಮಾತ್ರ ಬೇಡ: ರಾತ್ರಿ ಬೈಕಿನವನಿಗೆ ಆ ಕಲ್ಲು ಗುಂಡಿಯಷ್ಟೇ ಅಪಾಯಕಾರಿ, ಕೆಲಸ ಮುಗಿದ ಮೇಲೆ ಅದನ್ನು ಎತ್ತುವವರೂ ಇರುವುದಿಲ್ಲ.